ದುಬೈ ಸಿದ್ದಯ್ಯ ಊರು ಬಿಟ್ಟೇ ಇಲ್ಲ

ಎಲ್ಲ ತಾಪತ್ರಯಕ್ಕೂ ಕಾರಣ ಒಂದೇ ಒಂದು ಅಕ್ಷರ.

ಪಾಸ್‌ಪೋರ್ಟಿನ ಅರ್ಜಿ ಇಂಗ್ಲಿಷಿನಲ್ಲಿತ್ತು. ಚನ್ನಿಕೊಪ್ಪಲಿನ ಪ್ರೈಮರಿ ಶಾಲೆಯ ಅನಂತರಾಮು ಮೇಷ್ಟ್ರು ಒಂದೊಂದೇ ಸಾಲು ಓದಿ, ಕನ್ನಡ ಮಾಡಿ ಹೇಳಿ, ಗಾರೆ ಕೆಲಸದ ಕೆಂಪಸಿದ್ದಯ್ಯ ಕೊಟ್ಟ ಉತ್ತರಗಳನ್ನು ತುಂಬುತ್ತಾ ಬಂದವರು ಒಂದು ಕಡೆ ಪೆನ್ನು ನಿಲ್ಲಿಸಿದರು.

"ಹಿಂದೆ ಯಾವತ್ತಾದರೂ ಹೊರದೇಶಕ್ಕೆ ಹೋಗಿದ್ದುಂಟೇ, ಅಲ್ಲಿಂದ ವಾಪಸ್ಸು ಅಟ್ಟಿದ್ದುಂಟೇ ಅಂತ ಕೇಳಿದ್ದಾರಪ್ಪ. ಹೋಗಿದ್ದೀಯಲ್ಲ, ಎಸ್ ಅಂತ ಬರೀಲಾ?"

"ನೋ ಅಂತ ಬರೀರಿ ಮೇಷ್ಟ್ರೆ."

"ನಮ್ಮ ಶಾಲೇಲೇ ಒಂದು ಗಂಟೆ ಭಾಷಣ ಮಾಡಿದ್ದೀಯಲ್ಲಯ್ಯ, ಅರಬ್ಬೀ ದೇಶದ ಹವಾಗುಣ ಅಂತ!"

"ಅದು ಬಾಸಣ, ಇದು ಸರ್ಕಾರ. ಆಗ ಪಾಸ್‌ಪೋರ್ಟ್ ಇರನಿಲ್ಲ. ಪಾಸ್‌ಪೋರ್ಟ್ ಇಲ್ದೆ ಓದ್ರೆ ಲೆಕ್ಕದಲ್ಲಿ ಓದಂಗಲ್ಲ. ನೋ ಅಂತ್ಲೇ ಇರ್ಲಿ."

ಮೇಷ್ಟ್ರು 'ನೋ' ಬರೆದರು. ಬರೆದ ಮೇಲೆ ಆ ಅಕ್ಷರವನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ತಾವು ಬರೆದದ್ದಲ್ಲವೆಂಬಂತೆ ಪೆನ್ನಿಗೆ ಮುಚ್ಚಳ ಹಾಕಿದರು.

ಕೆಂಪಸಿದ್ದಯ್ಯ ದುಬೈಗೆ ಹೋಗಿದ್ದು ಸುಳ್ಳಲ್ಲ. ಎಮರ್ಜೆನ್ಸಿಗೆ ಮುಂಚಿನ ವರ್ಷ ಬೊಂಬಾಯಿಯ ಒಬ್ಬ ಏಜೆಂಟನನ್ನು ನಂಬಿ, ಮೀನು ನಾರುವ ಲಾಂಚಿನಲ್ಲಿ ಅರವತ್ತು ಜನರ ಜೊತೆ ಮುದುರಿ ಕೂತು, ಕತ್ತು ಮಟ್ಟದ ನೀರಿಗೆ ಧುಮುಕಿ ಆ ದೇಶದ ದಡ ಸೇರಿದ್ದ. ಎಂಟು ತಿಂಗಳು ಕೆಲಸ ಮಾಡಿದ್ದೂ ನಿಜ. ಸುಳ್ಳು ಶುರುವಾದದ್ದು ವಾಪಸ್ಸು ಬಂದ ಮೇಲೆ. ಬಸ್ಸಿಳಿದವನೇ ಊರಿಗೆಲ್ಲ "ರಜದ್ ಮ್ಯಾಲೆ ಬಂದಿವ್ನಿ" ಅಂದಿದ್ದ. ಬೊಂಬಾಯಿಯ ಫುಟ್‌ಪಾತಿನಲ್ಲಿ ಕೊಂಡ ಹುಲಿ ಚಿತ್ರದ ರಗ್ಗನ್ನು ಹೆಂಡತಿ ಶಿವನಂಜಮ್ಮನ ಕೈಗೆ ಕೊಟ್ಟು "ನಮ್ ಧಣಿ ಸೇಕು ಕೊಟ್ಟಿದ್ದು" ಅಂದಿದ್ದ.

ಆ ರಜ ಎರಡೂವರೆ ವರ್ಷದಿಂದ ನಡೆದಿತ್ತು.

ಹಾಗಂತ ಅವನು ಕೈಕಟ್ಟಿ ಕೂತವನಲ್ಲ. ಬಂದ ವಾರಕ್ಕೇ ಕರಣೆ ಹಿಡಿದ. ಬೆಸಗರಹಳ್ಳಿಯಲ್ಲಿ ಒಬ್ಬರ ಕಾಂಪೌಂಡು, ಸೋಮನಹಳ್ಳಿಯಲ್ಲಿ ಒಂದು ಸಣ್ಣ ಕಾರ್ಖಾನೆಯ ಗೋಡೆ, ಮಂಡ್ಯದಲ್ಲಿ ವಕೀಲರೊಬ್ಬರ ಮಹಡಿ. 'ದುಬೈ ಗಾರೆ' ಎಂದು ಹೆಸರು ಬಿದ್ದ ಮೇಲೆ ಅವನು ಉಜ್ಜಿದ ಗೋಡೆಯನ್ನು ಜನ ಕೆನ್ನೆ ಸವರಿದ ಹಾಗೆ ಸವರಿ ನೋಡುತ್ತಿದ್ದರು. ಲಾಂಚಿನವನಿಗಾಗಿ ಮಾರಿದ್ದ ಶಿವನಂಜಮ್ಮನ ಓಲೆ ಮತ್ತೆ ಅವಳ ಕಿವಿಗೆ ಬಂತು. ಕೊಟ್ಟಿಗೆಗೆ ಎಮ್ಮೆ ಬಂತು. ಗುಡಿಸಲು ಹೋಗಿ ಹೆಂಚಿನ ಮನೆ ಎದ್ದಿತು. ಬಾಗಿಲ ಮೇಲೆ 'ದುಬೈ ನಿಲಯ' ಎಂದು, ಮೇಷ್ಟ್ರು ಬರೆದುಕೊಟ್ಟಂತೆ, ಗಾರೆಯಲ್ಲೇ ಉಬ್ಬು ಅಕ್ಷರ ಮೂಡಿಸಿದ.

ಆದರೆ ಊರು ಸುಮ್ಮನಿರಬೇಕಲ್ಲ. ಬಾವಿಕಟ್ಟೆಯಲ್ಲಿ, ಕ್ಷೌರದ ಕಲ್ಲಿನ ಮೇಲೆ, ಸತ್ತವರ ಮನೆಯ ಮುಂದೆ, ಎಲ್ಲಿ ಸಿಕ್ಕಿದರೂ ಒಂದೇ ಪ್ರಶ್ನೆ. "ಯಾವಾಗ್ಲಾ ವಾಪಸ್ ಓಗದು? ಸೇಕು ಕಾಯ್ತಾ ಇರಾಕಿಲ್ವಾ?" ಹೊರಗಿನ ಆ ಪ್ರಶ್ನೆಗಿಂತ ಒಳಗೊಂದು ಕಿಚ್ಚು ದೊಡ್ಡದಿತ್ತು. ಕಳ್ಳನ ಹಾಗೆ ನೀರಿನಲ್ಲಿ ಇಳಿದು ಹೋದ ದೇಶಕ್ಕೆ ಒಂದು ಸಲವಾದರೂ ಕಾಗದ ಹಿಡಿದು, ಒಣಗಿದ ಬಟ್ಟೆಯಲ್ಲಿ, ಮುಂಬಾಗಿಲಿನಿಂದ ಹೋಗಬೇಕು.

ಅದಕ್ಕೇ ಅರ್ಜಿ. ಅರ್ಜಿ ಹಾಕಿ ಬಂದ ದಿನ ಮದ್ದೂರಿನ ತಾಲ್ಲೂಕು ಕಚೇರಿಯ ಮುಂದೆ ಮನವಿ ಬರೆಯುವವನೊಬ್ಬ ಹೇಳಿದ್ದ, "ಮಫ್ತಿಯಲ್ಲಿ ಬಂದು ಊರಲ್ಲೆಲ್ಲ ವಿಚಾರಿಸ್ತಾರೆ ಕಣಯ್ಯ. ಒಂದು ಸುಳ್ಳು ಸಿಕ್ಕಿದರೆ ಪಾಸ್‌ಪೋರ್ಟ್ ಹೋಗಲಿ, ಎರಡು ವರ್ಷ ಒಳಗೆ." ಅವತ್ತಿನಿಂದ ನಾಯಿ ಬೊಗಳಿದರೂ ಸಿದ್ದಯ್ಯ ಎದ್ದು ಬೀದಿಯ ತುದಿ ನೋಡುತ್ತಿದ್ದ.

ಸಿಮೆಂಟು ಸಿಗದೆ ಕೆಲಸ ನಿಂತಿದ್ದ ಒಂದು ಬೆಳಿಗ್ಗೆ ಅವನು ಜಗುಲಿಯ ಮೇಲೆ ಕೂತು ಮುದ್ದೆ ಮುಗಿಸುತ್ತಿದ್ದ. ಬಸ್ಸು ನಿಲ್ಲುವಲ್ಲಿ ಟೀ ಕಾಯಿಸುವ ಮಂಚಮ್ಮ ಏದುಸಿರು ಬಿಡುತ್ತಾ ಓಡಿ ಬಂದಳು.

"ಲೋ ಸಿದ್ದ! ಒಂಬತ್ತು ಗಂಟೆ ಬಸ್ನಲ್ಲಿ ಯಾರೋ ಇಳುದ್ರು ಕಣ್ಲಾ. ದುಬೈಗೆ ಓಗ್ಬಂದ ಗಾರೇವ್ರು ಯಾರು ಅಂತ ಕೇಳ್ತಾವ್ರೆ!"

ಸಿದ್ದಯ್ಯ ತುತ್ತನ್ನು ತಟ್ಟೆಗೇ ಬಿಟ್ಟ. "ಎಂಗವ್ರೆ?"

"ತಲೆಕೂದ್ಲು ಮೋಟು, ಮೀಸೆ ದಪ್ಪ. ಕಾಲ್ಗೆ ಕೆಂಪು ಬೂಟು. ಕಂಕುಳಲ್ಲಿ ಡೈರಿ. ಎಸ್ರು ಕಸ್ತೂರಿರಂಗ ಅಂತೆ. ಯಾಕೆ ಅಂದ್ರೆ 'ಸ್ವಲ್ಪ ವಿಚಾರಿಸಬೇಕಿತ್ತು' ಅಂದ್ರು."

ಮೋಟು ಕೂದಲು, ಕೆಂಪು ಬೂಟು, ವಿಚಾರಣೆ. ಸಿದ್ದಯ್ಯ ಕೈ ತೊಳೆಯುವುದನ್ನೂ ಮರೆತು ಎದ್ದ.

"ನೀನೇನಂದೆ ಮಂಚಕ್ಕ?"

"ಇನ್ನೂ ಏನೂ ಅಂದಿಲ್ಲ. ಟೀ ಕೊಟ್ಟು, ನಿಂಗೆ ಯೋಳವ ಅಂತ ಬಂದೆ."

"ನಿನ್ ಕಾಲಿಗೆ ಬೀಳ್ತೀನಿ. ಬೀದಿ ಬೀದಿಗೂ ಓಗಿ ಯೋಳು. ಸಿದ್ದಯ್ಯ ದುಬೈಗೆ ಓಗೇ ಇಲ್ಲ, ಊರು ಬುಟ್ಟೇ ಇಲ್ಲ. ಅವ್ರು ಪೋಲೀಸು ಕಣಕ್ಕ!"

ಹಂಚುವಂಥ ಸುದ್ದಿ ಸಿಕ್ಕಿದರೆ ಮಂಚಮ್ಮನಿಗೆ ಮೊಣಕಾಲು ನೋವು ಇರುತ್ತಿರಲಿಲ್ಲ. ಅವಳು ಬಿಟ್ಟ ಬಾಣದಂತೆ ಹೋದಳು. ಇತ್ತ ಸಿದ್ದಯ್ಯ ಉಳಿ, ಸುತ್ತಿಗೆ ತಂದು ಏಣಿ ಹತ್ತಿ ಬಾಗಿಲ ಮೇಲಿನ ಅಕ್ಷರಗಳನ್ನು ಕೆತ್ತಿ ಬೀಳಿಸತೊಡಗಿದ. ಆದರೆ ಗಾರೆ ಅವನದೇ, ಗಟ್ಟಿಯಾದದ್ದು. ಬೆವರು ಹರಿಸಿ ಹೊಡೆದು ಒಂದು 'ದು' ಕೆಡವುವ ಹೊತ್ತಿಗೆ ಬೀದಿಯ ತುದಿಯಲ್ಲಿ ಕೆಂಪು ಬೂಟು ಕಾಣಿಸಿತು. ಏಣಿಯಿಂದ ಜಿಗಿದು ಒಳಗೆ ಓಡಿ ಕಿಟಕಿಯ ಸಂದಿಯಲ್ಲಿ ಕಣ್ಣಿಟ್ಟ.

ಕಸ್ತೂರಿರಂಗ ಮನೆಯ ಮುಂದೆ ನಿಂತು ತಲೆಯೆತ್ತಿ ಓದಿದ. "ಬೈ ನಿಲಯ. ಏನಮ್ಮ ಇದು ಹೆಸರು?"

ಎಮ್ಮೆಗೆ ಹುಲ್ಲು ಹಾಕುತ್ತಿದ್ದ ಶಿವನಂಜಮ್ಮ ಒಂದಿಷ್ಟೂ ತಡವರಿಸಲಿಲ್ಲ. "ದಿನಾ ನಾನು ಬೈತೀನಲ್ಲ ಸೋಮಿ, ಅದ್ಕೆ."

"ಇಲ್ಲಿ ದುಬೈಗೆ ಹೋಗಿಬಂದವರು..."

"ದುಬೈ ಅಂದ್ರೆ ಯಾವ್ ಓಬ್ಳಿ ಸೋಮಿ?"

ಅವನು ಮುಂದಿನ ಮನೆಗೆ ಹೋದ. ಮಂಚಮ್ಮನ ಪ್ರಚಾರ ಅಷ್ಟರಲ್ಲಿ ಊರನ್ನು ಸುತ್ತಿತ್ತು. ಸಿದ್ದಯ್ಯನನ್ನು ಉಳಿಸಲು ಊರು ಟೊಂಕ ಕಟ್ಟಿತ್ತು, ಸ್ವಲ್ಪ ಜಾಸ್ತಿಯೇ. ಒಬ್ಬರು ಸಿದ್ದಯ್ಯ ಮದ್ದೂರನ್ನೇ ನೋಡಿಲ್ಲವೆಂದರು. ಇನ್ನೊಬ್ಬರು ಅವನಿಗೆ ಬಸ್ಸು ಕಂಡರೆ ವಾಂತಿ ಎಂದರು. ಮುದುಕಿ ದೇವಿರಮ್ಮ, "ಅಯ್ಯೋ ಪಾಪ, ಅವ್ನು ನೀರಿಗೆ ಎದರ್ಕೊಂಡು ಯುಗಾದೀಲೂ ಮೀಯಾಕಿಲ್ಲ. ಸಮುದ್ರ ಎಂಗ್ ದಾಟಾನು?" ಅಂದಳು. ಕಸ್ತೂರಿರಂಗ ಕೇಳಿದ್ದು ದುಬೈಗೆ ಹೋದವರು ಯಾರು ಎಂದು ಮಾತ್ರ. ಸಿದ್ದಯ್ಯನ ಹೆಸರನ್ನು ಅವನು ಎಲ್ಲೂ ಎತ್ತಿರಲಿಲ್ಲ. ಹನ್ನೊಂದು ಮನೆಯವರು ಕೇಳದೆಯೇ ಅದೊಂದೇ ಹೆಸರು ಹೇಳಿ, ಅವನು ಊರು ಬಿಟ್ಟಿಲ್ಲವೆಂದು ಆಣೆ ಇಟ್ಟರು.

ಶಾಲೆಯ ಹತ್ತಿರ ಕತೆ ಕೆಟ್ಟಿತು. ಮೇಷ್ಟ್ರು ಮೊದಲೇ ಬೆವೆತಿದ್ದರು. "ಅರ್ಜಿ, ಅಂದರೆ, ನಾನು ಬರೆದದ್ದು ಆತ ಹೇಳಿದ್ದನ್ನೇ" ಎಂದು ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಡುವಷ್ಟರಲ್ಲಿ, ಕಸ್ತೂರಿರಂಗ ಮಕ್ಕಳ ಕಡೆ ತಿರುಗಿ, "ದುಬೈ ಎಲ್ಲಿದೆ ಗೊತ್ತೇನ್ರೋ?" ಅಂದ.

ನಲವತ್ತು ಮಕ್ಕಳು ಒಂದೇ ರಾಗದಲ್ಲಿ ಒಪ್ಪಿಸಿದರು. "ದುಬೈ ಅರಬ್ಬೀ ದೇಶದಲ್ಲಿದೆ. ಅಲ್ಲಿ ಮಧ್ಯಾಹ್ನ ಕಬ್ಬಿಣ ಮುಟ್ಟಿದರೆ ಅಂಗೈ ಸುಡುತ್ತದೆ. ಇದನ್ನು ನಮ್ಮ ಊರಿನ ಗಾರೆಯವರು ಕಣ್ಣಾರೆ ಕಂಡಿದ್ದಾರೆ!"

"ಯಾವ ಗಾರೆಯವರು ಮೇಷ್ಟ್ರೇ?"

"ಅದು, ಅದು ಪಾಠದಲ್ಲಿ ಬರೋದಿಲ್ಲ" ಎಂದರು ಮೇಷ್ಟ್ರು.

ಕಸ್ತೂರಿರಂಗ ನೆಟ್ಟಗೆ 'ಬೈ ನಿಲಯ'ಕ್ಕೆ ವಾಪಸ್ಸು ಬಂದು ಜಗುಲಿಯ ಮೇಲೆ ಕೂತ. ಹಿಂದೆಯೇ ಅರ್ಧ ಊರು ಬಂತು. ಸಿದ್ದಯ್ಯ ಅಡಗಲು ಜಾಗವಿಲ್ಲದೆ ಹೊರಗೆ ಬಂದು ನಿಂತ. ಅವನ ಜೊತೆ ಗಾರೆ ಕೆಲಸ ಮಾಡುವ ಅಂಕಯ್ಯ, ಇಪ್ಪತ್ತೈದರ ಬ್ರಹ್ಮಚಾರಿ, ಜಗುಲಿಯ ಮೂಲೆಯಲ್ಲಿ ಬೀಡಿ ಹಿಡಿದು ಕೂತಿದ್ದ.

"ನೋಡಿ, ಮಕ್ಕಳು ಸುಳ್ಳು ಹೇಳೋದಿಲ್ಲ" ಎಂದ ಕಸ್ತೂರಿರಂಗ. "ಈ ಊರಿನ ಒಬ್ಬ ಗಾರೆಯವನು ಹೋಗಿದ್ದಾನೆ. ಯಾರು?"

ಎಲ್ಲರ ಕಣ್ಣೂ ಸಿದ್ದಯ್ಯನ ಕಡೆಗೆ ಜಾರತೊಡಗಿದವು. ಅವನ ಕಿವಿಯಲ್ಲಿ 'ಎರಡು ವರ್ಷ ಒಳಗೆ, ಎರಡು ವರ್ಷ ಒಳಗೆ' ಎಂದು ಯಾರೋ ಸುತ್ತಿಗೆ ಬಡಿಯುತ್ತಿದ್ದರು. ಕೈ ತಾನಾಗಿ ಎದ್ದಿತು.

"ಇವ್ನೇ ಸೋಮಿ! ಅಂಕಯ್ಯ! ಇವ್ನೇ ಓಗಿದ್ದು!"

ಅಂಕಯ್ಯನ ಬಾಯಿಂದ ಬೀಡಿ ಬಿತ್ತು. ಸಿದ್ದಯ್ಯ ಅವನ ಪಕ್ಕಕ್ಕೆ ಸರಿದು ಕಿವಿಯಲ್ಲಿ ಉಸುರಿದ. "ನೀನೇನು ಅರ್ಜಿ ಆಕಿದ್ದೀಯೇನ್ಲಾ? ನಿಂಗೇನೂ ಆಗಾಕಿಲ್ಲ. ನನ್ ಎಂಡ್ತಿ ಮಕ ನೋಡಿ ಊಂ ಅನ್ಲಾ."

"ಊಂ" ಅಂದ ಅಂಕಯ್ಯ. ಮುಖ ಬಲಿಗೆ ತಂದ ಕುರಿಯದು.

ಕಸ್ತೂರಿರಂಗ ಡೈರಿ ಬಿಚ್ಚಿ ಕೇಳುತ್ತಾ ಹೋದ. ಅಲ್ಲಿಗೆ ಹೋದದ್ದು ಹೇಗೆ? ಬೇಸಿಗೆಯಲ್ಲಿ ಕೆಲಸ ನಿಲ್ಲಿಸೋದು ಎಷ್ಟು ಗಂಟೆಗೆ? ಗಾರೆ ಬೇಗ ಒಣಗದ ಹಾಗೆ ಏನು ಮಾಡ್ತಾರೆ? ಕೋಣೆಯಲ್ಲಿ ಎಷ್ಟು ಜನ? ಎರಡೂವರೆ ವರ್ಷ ಸಾರವೆಯ ಮೇಲೆ ಕೂತು ಸಿದ್ದಯ್ಯನ ದುಬೈ ಕತೆ ಕೇಳಿದ್ದ ಅಂಕಯ್ಯನಿಗೆ ಅವೆಲ್ಲ ಬಾಯಿಪಾಠವಾಗಿತ್ತು. ಲಾಂಚಲ್ಲಿ ಹೋಗಿದ್ದು, ಹನ್ನೆರಡಕ್ಕೆ ನಿಲ್ಲಿಸ್ತಾರೆ, ಒದ್ದೆ ಗೋಣಿ ಹೊದಿಸ್ತಾರೆ, ಹನ್ನೆರಡು ಜನ. ಮೂರನೆಯ ಉತ್ತರಕ್ಕೆ ಅವನ ಬೆನ್ನು ನೆಟ್ಟಗಾಯಿತು. ಐದನೆಯದಕ್ಕೆ ಕಾಲ ಮೇಲೆ ಕಾಲು ಹಾಕಿದ.

"ಸರಿ. ವಾಪಸ್ಸು ಹೇಗೆ ಬಂದೆ?"

ಆ ಕತೆಯನ್ನು ಸಿದ್ದಯ್ಯ ಯಾರಿಗೂ ಹೇಳಿರಲಿಲ್ಲ.

"ರಜದ್ ಮ್ಯಾಲೆ..." ಎಂದು ಅಂಕಯ್ಯ ತಡವರಿಸಿದ. ಕಸ್ತೂರಿರಂಗ ಪೆನ್ನು ಎತ್ತಿ ಹಿಡಿದ. "ಲಾಂಚಲ್ಲಿ ಹೋದವನಿಗೆ ಯಾರಪ್ಪ ರಜ ಕೊಡೋದು?"

ಇನ್ನೊಂದು ಗಳಿಗೆ ತಡವಾದರೆ ಎಲ್ಲ ಬಯಲು. ಸಿದ್ದಯ್ಯನೇ ಬಾಯಿ ಹಾಕಿದ.

"ಅವ್ನಿಗೆ ಯೋಳಾಕೆ ನಾಚ್ಕೆ ಸೋಮಿ. ನನ್ ತಾವ ಅವತ್ತೇ ಯೋಳಿದ್ದ, ನಾನೇ ಯೋಳ್ತೀನಿ. ಬೆಳಿಗ್ಗೆ ಅತ್ತು ಗಂಟೆ. ಮೂರ್ನೇ ಮಹಡಿ ಗೋಡೆಗೆ ಗಾರೆ ಬಳ್ದು ಇನ್ನೇನು ಉಜ್ಜಬೇಕು, ಪೋಲೀಸ್ನೋರು ಅತ್ತಿ ಬಂದ್ರು. ಕಾಗದ ಎಲ್ಲಿ ಅಂದ್ರು. ಇರನಿಲ್ಲ. 'ಒಸಿ ತಡೀರಿ ಸೋಮಿ, ಗಾರೆ ಒಣಗೋಯ್ತದೆ, ಉಜ್ಬುಟ್ಟು ಬತ್ತೀನಿ' ಅಂತ ಕನ್ನಡದಲ್ಲೇ ಕೈ ಮುಗುದ. ಅವ್ರು ನಕ್ಬುಟ್ರು. ಕರಣೇನೂ ಕಿತ್ಕೊಂಡು ಲಾರಿಗೆ ಅತ್ತಿಸುದ್ರು."

ಸಿದ್ದಯ್ಯನಿಗೆ ನಿಲ್ಲಿಸಬೇಕೆಂದು ಗೊತ್ತಿತ್ತು, ನಿಲ್ಲಿಸಲಾಗಲಿಲ್ಲ.

"ಎತ್ತರದ ಗೋಡೆ, ಮ್ಯಾಲೆ ಸೂರಿಲ್ಲ. ಅಂಥಾ ದೊಡ್ಡೀಲಿ ಅತ್ತೊಂಬತ್ತು ದಿನ. ಒಂದು ಒಣರೊಟ್ಟಿ, ಒಂದು ಲೋಟ ನೀರು. ಮೂರ್ ತಿಂಗಳ್ ಕೂಲಿ ಧಣಿ ತಾವ್ಲೇ ಉಳ್ಕತು. ಆಮೇಲೆ ಅಡಗು ಅತ್ತಿಸುದ್ರು. ಬೊಂಬಾಯಲ್ಲಿ ಇಳ್ದಾಗ ಕಾಲಲ್ಲಿ ಮೆಟ್ಟಿರನಿಲ್ಲ. ಊರಿಗೆ ಬರಿಕೈಲಿ ಓಗದೆಂಗೆ ಅಂತ ಎರಡು ತಿಂಗ್ಳು ಅಲ್ಲೇ ಮೂಟೆ ಒತ್ತ. ರಾತ್ರಿಯೆಲ್ಲ ಒಂದೇ ಯೋಚ್ನೆ, ಓಲೆ ಮಾರಿ ಕಳ್ಸಿದ್ ಎಂಡ್ತಿಗೆ ಏನಂತ ಯೋಳದು..."

"ಮದುವೆ ಆಗಿದೆಯೇನಪ್ಪ ನಿನಗೆ?" ಎಂದು ಕಸ್ತೂರಿರಂಗ ಅಂಕಯ್ಯನನ್ನು ಕೇಳಿದ.

"ಇಲ್ಲ ಸೋಮಿ" ಎಂದ ಅಂಕಯ್ಯ. ಸಿದ್ದಯ್ಯ ಬೆಚ್ಚಿಬಿದ್ದು, "ಮುಂದೆ ಬರೋ ಎಂಡ್ತಿಗೆ ಸೋಮಿ! ಮೊದ್ಲಿಂದ್ಲೂ ಅವ್ನಿಗೆ ದೂರಾಲೋಚ್ನೆ" ಅಂದ.

ಜನ ನಕ್ಕರು. ಶಿವನಂಜಮ್ಮ ನಗಲಿಲ್ಲ. ಅವಳ ಕೈ ಕಿವಿಯ ಓಲೆಯ ಮೇಲಿತ್ತು. ಗಂಡನನ್ನೇ ನೋಡುತ್ತಿದ್ದಳು. ಸಿದ್ದಯ್ಯ ತಲೆ ತಗ್ಗಿಸಿದ.

ಕಸ್ತೂರಿರಂಗ ಡೈರಿ ಮುಚ್ಚಿ, ಎದ್ದು, ಅಂಕಯ್ಯನ ಎರಡೂ ಕೈ ಹಿಡಿದುಕೊಂಡ. ಸಿದ್ದಯ್ಯ ಬೇಡಿ ಹಾಕುವುದನ್ನೇ ಕಾಯುತ್ತಿದ್ದ.

"ಆ ದೊಡ್ಡೀಲಿ ನಾನೂ ಇದ್ದೆ ಕಣಪ್ಪ" ಎಂದ ಕಸ್ತೂರಿರಂಗ. "ಒಂದಲ್ಲ, ಎರಡು ಸಲ ನನ್ನನ್ನ ಅಟ್ಟಿದ್ದಾರೆ. ಮೂರನೇ ಸಲ ಸರಿಯಾದ ಕಾಗದ ಮಾಡಿಸಿಕೊಂಡು ಹೋದೆ. ಈಗ ಅಲ್ಲೊಂದು ಕಟ್ಟಡದ ಕಂಪನಿಗೆ ಗಾರೆಯವರನ್ನ ಆರಿಸೋ ಕೆಲಸ ನನ್ನದೇ. ಕೆಲಸ ಇದೆ ಅಂತ ಮೊದಲೇ ಅಂದಿದ್ದರೆ ಊರಿಗೆ ಊರೇ ದುಬೈ ನೋಡಿದ್ದೀನಿ ಅಂತಿತ್ತು. ಅದಕ್ಕೇ ಬಾಯಿ ಬಿಡಲಿಲ್ಲ. ನಮಗೆ ಬೇಕಾದ್ದು ಅಲ್ಲಿನ ಬಿಸಿಲು ಕಂಡವನು. ಅಟ್ಟಿಸಿಕೊಂಡು ಬಂದವನಾದರೆ ಇನ್ನೂ ಒಳ್ಳೇದು, ಇನ್ನೊಂದು ಸಲ ಮೋಸ ಹೋಗೋದಿಲ್ಲ. ಅಂಕಯ್ಯ, ಪಾಸ್‌ಪೋರ್ಟಿಂದ ಹಿಡಿದು ಎಲ್ಲ ಕಂಪನೀದೇ. ಹಿಂದಿನದನ್ನ ಇದ್ದದ್ದು ಇದ್ದ ಹಾಗೆ ಬರೆದು ಮಾಫಿ ಕೇಳ್ತೀವಿ, ಕೊಡ್ತಾರೆ. ಈ ಊರಿಂದ ಒಬ್ಬನೇ, ಅದು ನೀನೇ."

ಸಿದ್ದಯ್ಯ ಇಬ್ಬರ ನಡುವೆ ನುಗ್ಗಿದ.

"ಸೋಮಿ! ಅವ್ನಲ್ಲ, ನಾನು, ಸಿದ್ದಯ್ಯ! ಓಗಿದ್ದು ನಾನು! ದೊಡ್ಡೀಲಿ ಇದ್ದದ್ದು ನಾನು!"

ಕಸ್ತೂರಿರಂಗ ಕರುಣೆಯಿಂದ ನೋಡಿದ. "ಕೆಲಸ ಅಂದ ತಕ್ಷಣ ಹೀಗಾಗೋದು ಸಹಜ. ಬೆಳಿಗ್ಗೆಯಿಂದ ಹನ್ನೊಂದು ಮನೆಯವರು ಹೇಳಿದ್ದಾರಪ್ಪ, ನೀನು ಊರು ಬಿಟ್ಟೇ ಇಲ್ಲ. ಬಸ್ಸು ಕಂಡರೆ ವಾಂತಿಯಂತೆ."

"ಲೋ ಅಂಕಯ್ಯ, ಯೋಳ್ಲಾ!"

ಅಂಕಯ್ಯ ನೆಲ ನೋಡಿದ, ಆಕಾಶ ನೋಡಿದ. ನಿಜ ಹೇಳಲು ಬಾಯಿ ತೆರೆದವನ ಕಣ್ಣೆದುರು ಅವನದೇ ಮುರುಕು ಗುಡಿಸಲು ಕಂಡಿರಬೇಕು. "ನೀನೇ ಯೋಳುದ್ಯಲ್ಲಣ್ಣ, ಊಂ ಅನ್ನು ಅಂತ" ಎಂದಷ್ಟೇ ಅಂದ.

ಸಿದ್ದಯ್ಯ ಕಸ್ತೂರಿರಂಗನ ಬೂಟಿಗೆ ಬೀಳುವುದೊಂದು ಬಾಕಿ. ಕೊನೆಗೆ ಆತ ಬೇಸತ್ತು, "ಆಯಿತು, ನಮ್ಮ ಯಜಮಾನರು ಹಲಗೂರು, ಮಳವಳ್ಳಿ ಕಡೆ ಜನ ನೋಡಿಕೊಂಡು ಐದು ಗಂಟೆ ಬಸ್ಸಿಗೆ ಈ ದಾರೀಲೇ ಬರ್ತಾರೆ. ನಾನೂ ಅದೇ ಬಸ್ಸು ಹತ್ತೋದು. ಹೇಳೋದಿದ್ದರೆ ಅವರಿಗೇ ಹೇಳಿ. ಅವರು ಒಪ್ಪಿದರೆ ನನ್ನದೇನೂ ಇಲ್ಲ" ಎಂದು, ಅಂಕಯ್ಯನ ವಿವರ ಬರೆದುಕೊಳ್ಳಲು ಅವನ ಗುಡಿಸಲಿನ ಕಡೆ ಹೋದ.

ಜನ ಚದುರಿದ ಮೇಲೆ ಶಿವನಂಜಮ್ಮ ಹತ್ತಿರ ಬಂದಳು.

"ಊರಿಗೆಲ್ಲ ರಜ ಅಂದೆ, ಸರಿ. ನಂಗೂ ರಜ ಅಂದ್ಯಲ್ಲ."

"ಯೆಂಗ್ ಯೋಳ್ಲಿ? ನಿನ್ ಬರಿಗಿವಿ ನೋಡ್ಕೊಂಡು?"

ಅವಳು ಸೆರಗಿನಿಂದ ಮೂಗೊರಸಿಕೊಂಡು, "ಅತ್ತೊಂಬತ್ತು ದಿನ ಒಣರೊಟ್ಟಿ ತಿಂದೋನು ನೀನು, ಇಮಾನ ಅತ್ತದು ಅಂಕಯ್ಯನಾ? ಏಳು ಮ್ಯಾಕೆ. ಇವತ್ತು ಸಂಜೆ ನಾನೇ ಬಾಯ್ ಬುಡ್ತೀನಿ. ಊರ್ನೋರ್ ಕೈಲೂ ಬುಡುಸ್ತೀನಿ. ಸುಳ್ಳಿಗೆ ಇಷ್ಟು ಜನ ಬಂದ್ರಲ್ಲ, ನಿಜಕ್ಕೆ ಬರಾಕಿಲ್ವಾ?" ಅಂದಳು.

ಐದು ಗಂಟೆಗೆ ಬಸ್ಸು ನಿಲ್ಲುವಲ್ಲಿ ಅರ್ಧ ಊರು ಸೇರಿತ್ತು. ಮಳವಳ್ಳಿ ಕಡೆಯಿಂದ ಧೂಳೆಬ್ಬಿಸಿಕೊಂಡು ಬಸ್ಸು ಬಂದು ನಿಂತಿತು. ಡ್ರೈವರು, ಕಂಡಕ್ಟರು ಟೀ ಕುಡಿಯಲು ಇಳಿದರು. ಬಿಳಿ ಷರಟು ತೊಟ್ಟ, ಚರ್ಮದ ಚೀಲದ, ದಪ್ಪ ಕನ್ನಡಕದ ಒಬ್ಬರು ಇಳಿದರು. ಕಾಲು ನೆಲಕ್ಕೆ ಊರುವ ಮೊದಲೇ ಶಿವನಂಜಮ್ಮ ಎದುರು ನಿಂತಳು.

"ಸೋಮಿ, ಇವ್ನು ನನ್ ಗಂಡ ಕೆಂಪಸಿದ್ದಯ್ಯ. ಬೆಳಿಗ್ಗೆ ನಾವ್ ಯೋಳಿದ್ದೆಲ್ಲ ಸುಳ್ಳು. ಇವ್ನು ದುಬೈಗೆ ಓಗಿದ್ದ. ನನ್ ಓಲೆ ಮಾರಿ ಕಳ್ಳ ಲಾಂಚಲ್ಲಿ ಓದ!"

ಕನ್ನಡಕದವರು ಮೊದಲು ಗಾಬರಿಯಾದರು. ಆಮೇಲೆ ಅವರ ಮುಖ ಮೆಲ್ಲಗೆ ಅರಳಿತು. "ಕೆಂಪಸಿದ್ದಯ್ಯ ಅಂದಿರಾ? ತಡೀರಿ, ತಡೀರಿ. ಒಬ್ಬೊಬ್ಬರಾಗಿ ಹೇಳಿ" ಎಂದು ಚೀಲದಿಂದ ಕಾಗದ ತೆಗೆದರು.

"ಪೋಲೀಸ್ನೋರು ಇಡ್ದು ಅತ್ತೊಂಬತ್ತು ದಿನ ಕೂಡಾಕಿದ್ರು ಸೋಮಿ, ಇದು ಖಂಡಿತ" ಎಂದಳು ದೇವಿರಮ್ಮ. ಮೇಷ್ಟ್ರು ಮುಂದೆ ಬಂದು, "ಅರ್ಜಿಯಲ್ಲಿ 'ನೋ' ಅಂತ ಬರೆದವನು ನಾನೇ. ಆತ ಹೋಗಿದ್ದು ಗೊತ್ತಿದ್ದೂ ಬರೆದೆ. ಮನಸ್ಸು ಕುಟುಕುತ್ತಿತ್ತು, ಈಗ ಹಗುರವಾಯಿತು" ಅಂದರು. ಸಿದ್ದಯ್ಯ ತಾನೇ ಎದೆಯುಬ್ಬಿಸಿ, ಲಾಂಚು ಇಳಿದ ಜಾಗದಿಂದ ಹಡಗಿನವರೆಗೆ ಒಂದೂ ಬಿಡದೆ ಹೇಳಿದ. ಎರಡೂವರೆ ವರ್ಷದಲ್ಲಿ ಮೊದಲ ಸಲ ಅವನ ಕತೆಯಲ್ಲಿ ರಜ ಬರಲಿಲ್ಲ. ಕನ್ನಡಕದವರು ಪ್ರತಿಯೊಂದನ್ನೂ ಬರೆದುಕೊಂಡು, ಕೆಳಗೆ ಅವನ ಹೆಬ್ಬೆಟ್ಟನ್ನೂ ಒತ್ತಿಸಿಕೊಂಡರು.

ಅಷ್ಟರಲ್ಲಿ ಬಸ್ಸಿನ ಕಿಟಕಿಯಿಂದ ಜರಿಪೇಟದ ದಪ್ಪನೆಯವರೊಬ್ಬರು ತಲೆ ಹಾಕಿ ಕೂಗಿದರು. "ರೀ ಕಸ್ತೂರಿರಂಗ! ಹತ್ತಿ ಬೇಗ! ಸಿಕ್ಕಿದನೇನ್ರೀ ನಿಮ್ಮ ಗಾರೆಯವನು?"

"ಸಿಕ್ಕಿದ ಯಜಮಾನ್ರೇ, ಅಂಕಯ್ಯ ಅಂತ. ಚಿನ್ನದಂಥವನು!" ಎನ್ನುತ್ತಾ ಕಸ್ತೂರಿರಂಗ ಬೀದಿಯಿಂದ ಓಡಿ ಬಂದು ಹತ್ತಿದ. ಕಂಡಕ್ಟರು ಸೀಟಿ ಊದಿದ. ಬಸ್ಸು ಹೊರಟೇ ಹೋಯಿತು.

ಸಿದ್ದಯ್ಯ ಒಂದು ಸಲ ದೂರವಾಗುತ್ತಿದ್ದ ಬಸ್ಸನ್ನು, ಒಂದು ಸಲ ಕನ್ನಡಕದವರನ್ನು ನೋಡಿದ. ಹೆಬ್ಬೆರಳಿನ ಮಸಿ ಇನ್ನೂ ಹಸಿಯಾಗಿತ್ತು.

"ಸೋಮಿ... ನೀವು ಬಸ್ಸು ಅತ್ಲಿಲ್ವಾ?"

"ನಾನ್ಯಾಕಪ್ಪ ಹತ್ತಲಿ, ಈಗ ತಾನೇ ಇಳಿದಿದ್ದೀನಿ" ಎಂದು ಅವರು ಕಾಗದ ಮಡಿಸಿ ಚೀಲಕ್ಕೆ ಸೇರಿಸಿದರು. "ನಾನು ಪೊಲೀಸ್ ಇಲಾಖೆಯವನು. ನಿನ್ನ ಪಾಸ್‌ಪೋರ್ಟ್ ಅರ್ಜಿಯ ವಿಚಾರಣೆ. ಯಾರೂ ಬಾಯಿ ಬಿಡೋದಿಲ್ಲ, ಮೂರು ದಿನವಾದರೂ ಅಲೆಯಬೇಕು ಅಂತ ಬಟ್ಟೆ ಕಟ್ಟಿಕೊಂಡು ಬಂದಿದ್ದೆ. ನಿಮ್ಮ ಊರಿನವರು ಹತ್ತು ನಿಮಿಷದಲ್ಲಿ ಮುಗಿಸಿಕೊಟ್ಟರು."

ಆಗ ಟೀ ಪಾತ್ರೆ ಇಳಿಸಿಟ್ಟು ಬರುವುದು ತಡವಾಗಿದ್ದ ಮಂಚಮ್ಮ ಜನರನ್ನು ಮೊಣಕೈಯಲ್ಲಿ ತಿವಿಯುತ್ತಾ ಮುಂದೆ ನುಗ್ಗಿದಳು.

"ನಂದೂ ಬರ್ಕೊಳಿ ಸೋಮಿ, ಮಂಚಮ್ಮ ಅಂತ! ಅವ್ನು ಕದ್ದು ಓದ ತಾರೀಕು, ವಾರ, ಬಸ್ಸಿನ ನಂಬರು, ಎಲ್ಲ ನಂಗೆ ಬಾಯಲ್ಲೇ ಐತೆ!"